ಹಂಪಿಯ ಅರಮನೆ ಆವರಣಕ್ಕೆ ಬೆಳಗಿನ ಹೊತ್ತನ್ನು ಮೀಸಲಿಡಿ

ಹಂಪಿಗೆ ಹೋಗುವವರಲ್ಲಿ ಹೆಚ್ಚಿನವರು ವಿರೂಪಾಕ್ಷನ ದರ್ಶನ ಮತ್ತು ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೇ ದಿನವನ್ನೆಲ್ಲ ವ್ಯಯಿಸಿ, ಅರಮನೆ ಆವರಣವನ್ನು ಸಂಜೆ ಅವಸರದಲ್ಲಿ ಮುಗಿಸುತ್ತಾರೆ. ವಿಜಯನಗರವು ಬಹಮನಿ ಸುಲ್ತಾನರೊಡನೆ ಕಾದಾಡುತ್ತಲೇ ಅವರ ಕಟ್ಟಡಗಳ ಶೈಲಿಯನ್ನು ಹೇಗೆ ತನ್ನದಾಗಿಸಿಕೊಂಡಿತು ಎಂಬುದನ್ನು ಕಣ್ಣಾರೆ ಕಾಣಬಯಸುವವರು ಈ ಕ್ರಮವನ್ನು ತಿರುವುಮುರುವು ಮಾಡಬೇಕು. ಹೊಸಪೇಟೆಯಲ್ಲಿ ಉಳಿದುಕೊಂಡಿದ್ದ ನಾವು ಬೆಳಿಗ್ಗೆಯೇ ಕಮಲಾಪುರದ ದಾರಿ ಹಿಡಿದೆವು.

ಮೊದಲು ಮಹಾನವಮಿ ದಿಬ್ಬಕ್ಕೆ ಹೋಗಿ. ಅಲ್ಲಿ ನೆರಳಿಲ್ಲದ ಕಾರಣ ಬಿಸಿಲೇರಿದ ಮೇಲೆ ಶಿಲ್ಪಗಳನ್ನು ನಿಧಾನವಾಗಿ ನೋಡಲಾಗುವುದಿಲ್ಲ. ಮೇಲೇರುವ ಆತುರ ಬೇಡ. ದಿಬ್ಬದ ಜಗತಿಯ, ಅಂದರೆ ಎತ್ತರದ ಕಲ್ಲಿನ ಕಟ್ಟೆಯ, ಸುತ್ತ ನಡೆದರೆ ಎತ್ತರದ ಟೋಪಿ ತೊಟ್ಟ ಪರದೇಶಿಗಳ ಉಬ್ಬುಶಿಲ್ಪಗಳು ಕಾಣುತ್ತವೆ. ಅರಬ್ ಮತ್ತು ಪರ್ಷಿಯಾ ಕಡೆಯ ಕುದುರೆಗಳು ಭಟ್ಕಳದಂತಹ ಬಂದರುಗಳ ಮೂಲಕ ಬರುತ್ತಿದ್ದುದರಿಂದ, ಅವುಗಳೊಡನೆ ಬಂದ ಜನರೂ ರಾಜಧಾನಿಗೆ ಪರಿಚಿತರಾಗಿದ್ದರು. 1443ರಲ್ಲಿ ಹೆರಾತಿನ ತೈಮೂರ್ ವಂಶದ ದೊರೆ ಶಾರುಖನ ರಾಯಭಾರಿಯಾಗಿ ಅಬ್ದುರ್ ರಜಾಕ್ ಬಂದದ್ದೂ ಇದೇ ಊರಿಗೆ. ಹತ್ತಿರದ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿಯೂ ಆನೆ, ಕುದುರೆ, ಪದಾತಿಗಳ ಸಾಲುಗಳಿವೆ.

ಹೆಚ್ಚು ಸಮಯವನ್ನು ಕಮಲ ಮಹಲಿಗೆ ಕೊಡಿ. ಅದರ ತಳಭಾಗವು ಮೂಲೆಗಳಲ್ಲಿ ಮಡಿಕೆಮಡಿಕೆಯಾಗಿ ಒಳಸರಿದ, ದೇವಾಲಯಗಳ ಮಾದರಿಯ ಕಲ್ಲಿನ ಅಧಿಷ್ಠಾನ. ಅದರ ಮೇಲೆ ಗಾರೆಯಲ್ಲಿ ಕಟ್ಟಿದ, ದಳದಳವಾಗಿ ಬಾಗಿದ ಸುಲ್ತಾನೀ ಕಮಾನುಗಳು. ಅವುಗಳ ಮೇಲೆ ಮತ್ತೆ ದೇವಾಲಯದ ವಿಮಾನಗಳಂತೆ (ಗರ್ಭಗುಡಿಯ ಮೇಲಿನ ಗೋಪುರಗಳಂತೆ) ಮೆಟ್ಟಿಲುಮೆಟ್ಟಿಲಾಗಿ ಏರುವ ಶಿಖರಗಳು. ಬೆಸುಗೆ ಎಲ್ಲಿದೆಯೆಂದು ಹುಡುಕಿದರೂ ಕಾಣದಷ್ಟು ಸಹಜವಾಗಿ ಇವು ಕೂಡಿಕೊಂಡಿವೆ. ಇದನ್ನು ಬರಿಯ ಅನುಕರಣೆಯೆಂದು ಕರೆಯುವುದು ಆ ಶಿಲ್ಪಿಗಳಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ. ಪಕ್ಕದ ಆನೆಲಾಯದ ಹನ್ನೊಂದು ಕೋಣೆಗಳ ಮೇಲಿನ ಗುಮ್ಮಟಗಳನ್ನೂ ಬಿಡಬೇಡಿ.

ಕಮಲ ಮಹಲಿಗೆ ಪಡೆದ ಟಿಕೆಟ್ ಅದೇ ದಿನ ವಿಠ್ಠಲ ದೇವಾಲಯಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಸಲ್ಲುವುದರಿಂದ ಅದನ್ನು ಜೋಪಾನವಾಗಿಟ್ಟುಕೊಳ್ಳಿ. ವಿಠ್ಠಲನ ಕಡೆಗೆ ತಳವಾರಘಟ್ಟದ ರಸ್ತೆಯಲ್ಲೇ ಹೋದರೆ ಅಹ್ಮದ್ ಖಾನನ ಮಸೀದಿಗೂ ಹೋಗಿ ಬರಬಹುದು. ವಿಜಯನಗರದ ದೊರೆ ಎರಡನೆಯ ದೇವರಾಯನ ಸೇವೆಯಲ್ಲಿದ್ದ ಈತ 1439ರಲ್ಲಿ ಕಟ್ಟಿಸಿದ ಕಟ್ಟಡದಲ್ಲಿ ಕಮಾನೂ ಇಲ್ಲ, ಗುಮ್ಮಟವೂ ಇಲ್ಲ. ದೇವಾಲಯದ ಮಂಟಪದಂತೆ ಕಂಬಗಳ ಮೇಲೆ ನಿಂತಿದೆ. ಅರಸರ ಮಹಲಿನಲ್ಲಿ ಕಮಾನು, ಮುಸ್ಲಿಂ ಸೇನಾನಿಯ ಮಸೀದಿಯಲ್ಲಿ ಮಂಟಪ: ಎರಡನ್ನೂ ಒಂದೇ ದಿನ ನೋಡಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ. ಮಸೀದಿಯ ಕಡೆ ಜನಸಂಚಾರ ಕಡಿಮೆಯಾದ್ದರಿಂದ ಕುಡಿಯುವ ನೀರನ್ನು ಜೊತೆಗೆ ಒಯ್ಯಿರಿ, ಕತ್ತಲಾಗುವ ಮೊದಲೇ ಮರಳಿರಿ.