ನಮ್ಮ ತಾಂಡಾದಲ್ಲಿ ಮಕ್ಕಳಿಲ್ಲವೇ, ನೇಪಾಳಕ್ಕೆ ಏಕೆ ಹೋದಿರಿ?

ಕುಷ್ಟಗಿಯ ಸಂತೆಯಲ್ಲಿ ಸಿಕ್ಕವರು ಕೇಳುತ್ತಾರೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕುಳಿತವರು ಕೇಳುತ್ತಾರೆ, ಜೊತೆಯಲ್ಲಿ ಕೆಲಸ ಮಾಡಿದ ಶಿಕ್ಷಕರೂ ಕೇಳುತ್ತಾರೆ: “ಅಕ್ಕೋರೇ, ನಮ್ಮ ತಾಂಡಾಗಳಲ್ಲೇ ಓದಲು ಬಾರದ ಮಕ್ಕಳು ಇಷ್ಟೊಂದು ಇರುವಾಗ, ನಿವೃತ್ತಿಯಾದ ಮೇಲೆ ನೀವು ನೇಪಾಳಕ್ಕೆ ಹೋಗಿ ಪಾಠ ಮಾಡಿದ್ದೇಕೆ?” ಕೆಲವರ ದನಿಯಲ್ಲಿ ಆಕ್ಷೇಪವೂ ಇರುತ್ತದೆ. ನನಗೆ ಅದರಿಂದ ಬೇಸರವಿಲ್ಲ. ಕೊಪ್ಪಳದ ಮಕ್ಕಳ ಮೇಲೆ ಅಕ್ಕರೆ ಇರುವವರೇ ಈ ಪ್ರಶ್ನೆ ಕೇಳುವುದು. ಆದ್ದರಿಂದ ನಿಂತ ನಿಲುವಿನಲ್ಲಿ ಏನೋ ಒಂದು ಹೇಳಿ ಮುಂದೆ ಹೋಗುವ ಬದಲು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನಾನು ಅಲ್ಲಿ ಮಕ್ಕಳಿಗೆ ಪಾಠ ಮಾಡಲು ಹೋದವಳಲ್ಲ. ಪಾಠ ಮಾಡುವವರು ಅಲ್ಲಿಯೇ ಇದ್ದರು. ಅವರ ಜೊತೆ ಕೆಲಸ ಮಾಡಲು ಹೋದೆ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾಗಿ ಸುಮಾರು 9,000 ಜನ ಸತ್ತರು. ಅತಿ ಹೆಚ್ಚು ಸಾವು ಸಂಭವಿಸಿದ್ದು ಸಿಂಧುಪಾಲ್ಚೋಕ್ ಜಿಲ್ಲೆಯಲ್ಲಿ. ಅಂದು ಶನಿವಾರ; ಆ ದೇಶದಲ್ಲಿ ವಾರದ ರಜೆ ಶನಿವಾರವೇ. ಮಧ್ಯಾಹ್ನ ಹನ್ನೆರಡಕ್ಕೆ ಇನ್ನೇನು ಕೆಲವೇ ನಿಮಿಷಗಳಿರುವಾಗ ಸಾವಿರಾರು ಶಾಲೆಗಳ ಗೋಡೆಗಳು ಕುಸಿದವು. ಒಳಗೆ ಮಕ್ಕಳಿರಲಿಲ್ಲ. ಬೇರೆ ಯಾವುದೇ ದಿನವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಅಲ್ಲಿನ ಶಿಕ್ಷಕರು ಇವತ್ತಿಗೂ ಬಾಯಿಬಿಟ್ಟು ಹೇಳಲಾರರು.

ಆಮೇಲೆ ಬಿದಿರು ಮತ್ತು ತಗಡಿನಲ್ಲಿ ತಾತ್ಕಾಲಿಕ ಕಲಿಕಾ ಕೇಂದ್ರಗಳು ಎದ್ದವು. ಎರಡು ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ, ಎಲ್ಲರಿಗೂ ಒಬ್ಬರೇ ಶಿಕ್ಷಕಿ. ಗುಡ್ಡದ ಊರುಗಳ ಬಹಳಷ್ಟು ಮನೆಗಳಲ್ಲಿ ಮಾತು ತಾಮಾಂಗ್, ಪುಸ್ತಕ ಮಾತ್ರ ನೇಪಾಳಿ. ಶಿಕ್ಷಕರ ತರಬೇತಿ ನಡೆಸುತ್ತಿದ್ದ ಒಂದು ಸಂಸ್ಥೆಗೆ ಬೇಕಾಗಿದ್ದುದು ಬಹುವರ್ಗ ಬೋಧನೆಯಲ್ಲಿ ಪಳಗಿದವರು, ಮನೆಮಾತು ಬೇರೆಯಾಗಿರುವ ಮಕ್ಕಳಿಗೆ ಓದು ಕಲಿಸಿದವರು. ಕುಷ್ಟಗಿ ತಾಲ್ಲೂಕಿನ ತಾಂಡಾ ಶಾಲೆಯಲ್ಲಿ ವರ್ಷಗಟ್ಟಲೆ ನಲಿ-ಕಲಿ (ಬೇರೆ ಬೇರೆ ತರಗತಿಯ ಮಕ್ಕಳು ಗುಂಪಿನಲ್ಲಿ ಕುಳಿತು ಕಾರ್ಡುಗಳ ಮೂಲಕ ನಲಿಯುತ್ತಾ ಕಲಿಯುವ ಪದ್ಧತಿ) ತರಗತಿ ನಡೆಸಿದ ನನಗೆ ಇವೆರಡೂ ನಿತ್ಯದ ಕೆಲಸ. ಲಂಬಾಣಿ ಮಾತಾಡುವ ಆರು ವರ್ಷದ ಮಗು ಕನ್ನಡ ಪುಸ್ತಕದ ಮುಂದೆ ಹೇಗೆ ಕುಳಿತಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಯವರು ಕೇಳಿದರು, ನನಗೆ ಬರುತ್ತಿತ್ತು, ಹೋದೆ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ನೇಪಾಳಿ ಬರೆಯುವ ದೇವನಾಗರಿ ಲಿಪಿ ಓದಲು ಬರುತ್ತಿತ್ತು, ಹಿಂದಿಯಲ್ಲಿ ಮಾತು ಸಾಗುತ್ತಿತ್ತು.

ನಲಿ-ಕಲಿಯ ಕಥೆಯನ್ನೇ ನೋಡಿ. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಗೆ ಮೂಲ ಪ್ರೇರಣೆ ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳು. ನಮ್ಮ ಶಿಕ್ಷಕರು ಅಲ್ಲಿಗೆ ಹೋದರು, ಕಾರ್ಡುಗಳನ್ನು, ಮಗು ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಹೋಗುವ ಕಲಿಕೆಯ ಏಣಿಯನ್ನು ಕಣ್ಣಾರೆ ಕಂಡರು, ಊರಿಗೆ ಮರಳಿ ತಮ್ಮ ಮಕ್ಕಳಿಗೆ ಹೊಂದುವಂತೆ ಮಾಡಿಕೊಂಡರು. 2009-10ರ ಹೊತ್ತಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು. ಆ ಶಿಕ್ಷಕರು ಗಡಿ ದಾಟದೇ ಇದ್ದಿದ್ದರೆ ನಮ್ಮ ತಾಂಡಾದ ಮಗುವಿನ ಕೈಗೆ ಆ ಕಾರ್ಡು ಬರುತ್ತಿರಲಿಲ್ಲ. ಇಲ್ಲಿ ಕೊಟ್ಟರೆ ಅಲ್ಲಿಗಿಲ್ಲ, ಅಲ್ಲಿ ಕೊಟ್ಟರೆ ಇಲ್ಲಿಗಿಲ್ಲ ಎಂಬ ಲೆಕ್ಕ ದುಡ್ಡಿಗೆ ಸರಿಹೋಗಬಹುದು, ಕಲಿಸುವ ವಿದ್ಯೆಗೆ ಹೊಂದುವುದಿಲ್ಲ.

ನೇಪಾಳದಲ್ಲಿ ನಾನು ಜೊತೆಗೆ ಕೆಲಸ ಮಾಡಿದ ಒಂದನೇ ತರಗತಿಯ ಶಿಕ್ಷಕಿಗೆ ಇಪ್ಪತ್ತೈದರ ಆಸುಪಾಸು ವಯಸ್ಸು. ಕೋಣೆಗೆ ತಗಡಿನ ಮಾಡು. ಮಳೆಗಾಲದಲ್ಲಿ ಮಳೆ ಹಿಡಿಯಿತೆಂದರೆ ಮಾಡಿನ ಸದ್ದಿನಲ್ಲಿ ಅವರ ಮಾತು ಮೊದಲ ಸಾಲಿಗೂ ಕೇಳಿಸುತ್ತಿರಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. ಮಕ್ಕಳು ಕೈಕಟ್ಟಿ ಸುಮ್ಮನೆ ಕುಳಿತಿರುತ್ತಿದ್ದರು. ನಾವಿಬ್ಬರೂ ಸೇರಿ ಮಕ್ಕಳನ್ನು ಗುಂಪುಗಳಾಗಿ ಕೂರಿಸಿದೆವು. ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಅಕ್ಷರದ, ಎಣಿಕೆಯ, ಚಿತ್ರದ ಕಾರ್ಡುಗಳನ್ನು ಮಾಡಿದೆವು. ಎಣಿಸಲು ಮೆಕ್ಕೆಜೋಳದ ಕಾಳು. ಬಿದಿರಿನ ಕಂಬದಿಂದ ಕಂಬಕ್ಕೆ ದಾರ ಕಟ್ಟಿ, ಮಕ್ಕಳ ಕೈಗೆ ಎಟಕುವಷ್ಟು ಕೆಳಗೆ, ಅವರು ಬರೆದ ಹಾಳೆಗಳನ್ನು ತೂಗುಹಾಕಿದೆವು. ನಲಿ-ಕಲಿ ಶಿಕ್ಷಕರಿಗೆ ಇದು ಗೊತ್ತು, ನಮ್ಮ ಕಲಿಕಾ ಚಪ್ಪರ. ಮುಂದಿನ ಸಲ ಮಳೆ ಬಂದಾಗ ಶಿಕ್ಷಕಿ ಕೂಗಲಿಲ್ಲ. ಒಂದು ಗುಂಪಿನ ಜೊತೆ ನೆಲಕ್ಕೆ ಕುಳಿತರು; ಉಳಿದ ಗುಂಪುಗಳು ಕಾರ್ಡು ಹಿಡಿದು ತಮ್ಮ ಕೆಲಸ ತಾವು ಮಾಡಿಕೊಂಡವು.

ಅದೇ ತರಗತಿಯಲ್ಲಿ ಒಬ್ಬ ಹುಡುಗ ಬಾಯಿಯೇ ತೆರೆಯುತ್ತಿರಲಿಲ್ಲ. ದಡ್ಡನೆಂದು ಬಿಟ್ಟುಬಿಟ್ಟಿದ್ದರು. ಶಿಕ್ಷಕಿಗೆ ತಾಮಾಂಗ್ ಬಾರದು, ಅವನಿಗೆ ನೇಪಾಳಿ ಬಾರದು. ಅವನ ಅಜ್ಜಿಯನ್ನು ಶಾಲೆಗೆ ಕರೆಸಿ, ಜೋಳದ ಹೊಲಕ್ಕೆ ಕರಡಿ ನುಗ್ಗಿದ ಕಥೆಯನ್ನು ಅವರ ಭಾಷೆಯಲ್ಲೇ ಹೇಳಿಸಿದೆವು. ಶಿಕ್ಷಕಿ ಆ ಮಾತುಗಳನ್ನು ದೇವನಾಗರಿಯಲ್ಲಿ ಹಲಗೆಯ ಮೇಲೆ ಬರೆದು ಓದತೊಡಗಿದಾಗ ಹುಡುಗ ಎದ್ದು ಬಂದು ಅವರ ಉಚ್ಚಾರಣೆಯನ್ನು ತಿದ್ದಿದ. ಒಂದು ಸಲವಲ್ಲ, ಸಾಲುಸಾಲಿಗೂ ತಿದ್ದಿದ. ಸಣ್ಣ ತರಗತಿಗಳಲ್ಲಿ ಮನೆಮಾತಿಗೆ ಜಾಗವಿರಬೇಕು ಎಂದು ತಾಂಡಾದಲ್ಲಿ ನಾನು ವರ್ಷಗಳಿಂದ ಹೇಳುತ್ತಾ ಬಂದಿದ್ದೆ. ಮಾತೃಭಾಷೆಯಲ್ಲಿ ಕಲಿಯುವ ಹಕ್ಕನ್ನು 2015ರ ಸಂವಿಧಾನದಲ್ಲೇ ಬರೆದುಕೊಂಡಿರುವ ದೇಶದಲ್ಲೂ ಒಬ್ಬ ಶಿಕ್ಷಕಿ ಮನಸ್ಸು ಮಾಡುವವರೆಗೆ ಆ ಹಕ್ಕು ಮಗುವಿನ ತನಕ ತಲುಪಿರಲಿಲ್ಲ. ಅದನ್ನು ಕಂಡ ಮೇಲೆ ಈಗ ಇನ್ನಷ್ಟು ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ಯುವಕರು ಕೇಳುವ ಪ್ರಶ್ನೆ ಬೇರೆ: “ನಾನೂ ಹೋಗಬೇಕು, ರಜೆಯಲ್ಲಿ ಎರಡು ವಾರ ಅನಾಥಾಲಯದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ, ಎಲ್ಲಿಗೆ ಹೋಗಲಿ?” ಅವರ ಮನಸ್ಸು ಒಳ್ಳೆಯದು. ಆದರೂ ಕೈಮುಗಿದು ಬೇಡ ಎನ್ನುತ್ತೇನೆ. ನೇಪಾಳದ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಒಳ್ಳೆಯ ಶಾಲೆಗೆ ಸೇರಿಸುತ್ತೇವೆಂದು ಬಡ ಹಳ್ಳಿಗಳಿಂದ ಮಕ್ಕಳನ್ನು ಕರೆತಂದು, ಪ್ರವಾಸಿಗರು ಹೆಚ್ಚಾಗಿ ಬರುವ ಕಠ್ಮಂಡು ಕಣಿವೆ, ಪೋಖರಾದಂತಹ ಕಡೆ ಇಟ್ಟಿರುತ್ತಾರೆ. ಶುಲ್ಕ ಕೊಟ್ಟು ಬರುವ ಸ್ವಯಂಸೇವಕರು, ಕಣ್ಣೀರಿಟ್ಟು ದೇಣಿಗೆ ಕೊಡುವವರು ಇರುವವರೆಗೂ ಮಕ್ಕಳನ್ನು ತಂದು ತುಂಬುವವರು ಇರುತ್ತಾರೆ. ಭೂಕಂಪದ ನಂತರ ಈ ಭಯದಿಂದಲೇ ನೇಪಾಳ ಸರ್ಕಾರ ಹೊಸ ಮಕ್ಕಳ ಗೃಹಗಳ ನೋಂದಣಿಯನ್ನೂ ವಿದೇಶಿ ದತ್ತುವನ್ನೂ ತಡೆಹಿಡಿಯಿತು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ತಂದಾಗ ಇಂತಹ ಅನಾಥಾಲಯಗಳಿಗೆ ಮಕ್ಕಳನ್ನು ಸಾಗಿಸುವುದನ್ನೂ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು. ಎರಡು ವಾರ ಎತ್ತಿ ಆಡಿಸಿ ಹೊರಟುಹೋಗುವ ಅಕ್ಕಂದಿರು, ಅಣ್ಣಂದಿರು ಒಬ್ಬರಾದ ಮೇಲೊಬ್ಬರು ಬಂದರೆ ಮಗುವಿನ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ.

ಹಂಪಿಯ ಹತ್ತಿರದ ನಮ್ಮ ಆನೆಗೊಂದಿ, ಸಣಾಪುರದ ಕಡೆ ಬರುವ ವಿದೇಶಿಯರು ಮಕ್ಕಳ ಕೈಗೆ ಪೆನ್ನು, ಚಾಕೊಲೇಟ್ ಕೊಟ್ಟು ಫೋಟೊ ತೆಗೆದುಕೊಳ್ಳುವಾಗ ನಮಗೆ ಏನೆನ್ನಿಸುತ್ತದೆಯೋ, ನಾವು ಬೇರೆ ದೇಶಕ್ಕೆ ಹೋಗಿ ಹಾಗೆಯೇ ಮಾಡಿದರೆ ಅಲ್ಲಿನ ತಂದೆತಾಯಿಗೂ ಅದೇ ಅನ್ನಿಸುತ್ತದೆ.

ಹೋಗಲೇಬೇಕೆನ್ನುವವರಿಗೆ ನನ್ನ ಮಾತು ಇಷ್ಟು. ನಿಮ್ಮನ್ನು ಕಳುಹಿಸುವ ಸಂಸ್ಥೆ ನಿಮ್ಮಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳದಿದ್ದರೆ, ನಿಮ್ಮ ಕೆಲಸದ ಅನುಭವ ವಿಚಾರಿಸದೆ ಹಣ ಮಾತ್ರ ಕೇಳಿದರೆ, ಮಕ್ಕಳ ಜೊತೆ ಒಬ್ಬರನ್ನೇ ಬಿಡುತ್ತೇವೆಂದರೆ ಅಲ್ಲಿಗೇ ನಿಲ್ಲಿಸಿ. ಹಲವು ದೇಶಗಳಲ್ಲಿ ಪ್ರವಾಸಿ ವೀಸಾದ ಮೇಲೆ ಸ್ವಯಂಸೇವೆ ಮಾಡುವುದು ಕಾನೂನಿಗೆ ವಿರುದ್ಧ ಎಂಬುದೂ ನೆನಪಿರಲಿ. 1970ರಲ್ಲಿ ಶುರುವಾದ ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮದಲ್ಲಿ ಮನೆಯಿಂದಲೇ ಆನ್‌ಲೈನ್‌ನಲ್ಲಿ ಮಾಡುವ ಕೆಲಸಗಳೂ ಇವೆ, ಅವುಗಳನ್ನು ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಹಿಂದಿರುಗಿದ ಮೇಲೆ ಆ ಕೆಲಸ ಮಾಡುವವರು ಯಾರು ಎಂದು ಕೇಳಿ. ಹೆಸರು ಹಿಡಿದು ಇಂಥ ಶಿಕ್ಷಕರು ಎಂದು ಉತ್ತರ ಬಂದರೆ ಹೋಗಿ, ಅವರ ಕೈಕೆಳಗೆ ಕೆಲಸ ಮಾಡಿ.

ಊರಿನ ಮಕ್ಕಳನ್ನು ಬಿಟ್ಟು ಹೋದಿರಿ ಎನ್ನುವವರಿಗೆ ನನ್ನದೊಂದು ಕೋರಿಕೆಯೂ ಇದೆ. ಹೈಬ್ರಿಡ್ ಹತ್ತಿಬೀಜದ ಹೊಲಗಳಲ್ಲಿ ಸಂಜೆ ಮೊಗ್ಗು ಬಿಡಿಸಿ ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ಶುರುವಾದರೆ, ಸಣ್ಣ ಬೆರಳುಗಳು ಬೇಕೆಂದು ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುತ್ತಾರೆ. ಸುಗ್ಗಿ ಮುಗಿದು ಗುಳೆ ಹೊರಟ ಕುಟುಂಬಗಳ ಜೊತೆ ಮಕ್ಕಳೂ ಮಂಗಳೂರು, ಗೋವಾ, ಬೆಂಗಳೂರಿನ ಕಟ್ಟಡಗಳ ಹತ್ತಿರದ ಶೆಡ್ಡುಗಳಿಗೆ ಹೋಗುತ್ತಾರೆ. ತಂದೆತಾಯಿ ಗುಳೆ ಹೋದಾಗ ಮಕ್ಕಳು ಊರಲ್ಲೇ ಉಳಿದು ಓದಲೆಂದು ಋತುಮಾನದ ವಸತಿ ಕೇಂದ್ರಗಳಿವೆ. ಅಲ್ಲಿ ರಾತ್ರಿ ಮಕ್ಕಳ ಜೊತೆ ಕುಳಿತು ಓದಿಸುವವರು ಬೇಕು. ಇದಕ್ಕೆ ಪಾಸ್‌ಪೋರ್ಟ್ ಬೇಡ. ಆದರೆ ತಿಂಗಳುಗಟ್ಟಲೆ ದಿನ ತಪ್ಪದೆ ಬರುವ ಮನಸ್ಸು ಬೇಕು.

ನೇಪಾಳಕ್ಕೆ ಮತ್ತೆ ಹೋಗುವಿರಾ ಎಂದರೆ, ಅವರು ಕರೆದರೆ ಹೋಗುತ್ತೇನೆ. ಸದ್ಯಕ್ಕೆ ಕರೆದಿಲ್ಲ. ಆ ಶಿಕ್ಷಕಿಯೇ ಈಗ ಪಕ್ಕದ ಊರುಗಳ ಶಾಲೆಗಳಿಗೆ ಹೋಗಿ ಕಾರ್ಡು ಮಾಡುವುದನ್ನು ಹೇಳಿಕೊಡುತ್ತಿದ್ದಾರೆ. ಈ ವರ್ಷ ದೀಪಾವಳಿಯಿಂದ ಯುಗಾದಿಯವರೆಗೆ ನಾನು ಕುಷ್ಟಗಿಯ ಕಡೆಯ ವಸತಿ ಕೇಂದ್ರದಲ್ಲಿ ಇರುತ್ತೇನೆ. ಕೊಪ್ಪಳದಿಂದ ಇಬ್ಬರು ಡಿ.ಎಡ್. ಮುಗಿಸಿದ ಹುಡುಗಿಯರು ಬರಲು ಒಪ್ಪಿದ್ದಾರೆ, ಗಣಿತಕ್ಕೆ ಇನ್ನೂ ಒಬ್ಬರು ಬೇಕು.