ರೋಲ್ ನಂಬರ್ 27

ಇವತ್ತು ಹಾಜರಿ ಕೂಗ್ತಾ 27ಕ್ಕೆ ಬಂದು ನಿಂತುಬಿಟ್ಟೆ. ಮೂರು ವಾರದಿಂದ ಆ ಸಾಲಿನಲ್ಲಿ ಬರೀ ಕೆಂಪು ಶಾಯಿ. ಬಿ.ಕಾಂ. ಮೂರನೇ ಸೆಮಿಸ್ಟರ್ ಹುಡುಗಿ.

ಫೋನ್ ಮಾಡಿದೆ. ಅವರಮ್ಮ ಎತ್ತಿದ್ರು.

"ಗಾರ್ಮೆಂಟ್ಸ್‌ಗೆ ಹೋಗ್ತಿದಾಳೆ ಮೇಡಂ. ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ, ಫೀಸ್ ಕಟ್ಟಬೇಕಲ್ಲ."

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ, ಇನ್ಮೇಲೆ ಬಸ್ ಚಾರ್ಜಿಗಾಗಿ ಯಾವ ಹುಡುಗಿಯೂ ಕಾಲೇಜು ಬಿಡಲ್ಲ ಅಂತ ಎಷ್ಟು ಖುಷಿಪಟ್ಟಿದ್ದೆ! ಬಸ್ಸೇನೋ ಫ್ರೀ. ಆದ್ರೆ ಫೀಸಿನ ಕೊನೇ ದಿನ ಸ್ಕಾಲರ್‌ಶಿಪ್‌ಗೋಸ್ಕರ ಕಾಯಲ್ಲ. ದುಡಿದು ಕಟ್ಟೋಣ ಅಂದ್ರೆ ಅಷ್ಟರಲ್ಲಿ ಹಾಜರಾತಿ ಶೇ. 75ಕ್ಕಿಂತ ಕೆಳಗೆ, ಪರೀಕ್ಷೆಗೆ ಕೂರೋ ಹಾಗಿಲ್ಲ. ಓದೋ ಮಕ್ಕಳು ಕೈತಪ್ಪಿ ಹೋಗೋದೇ ಹೀಗೆ.

ಹೆಸರು ಹೊಡೆದಿಲ್ಲ. ನಾಳೆ ಅವಳ ಶಿಫ್ಟ್ ಮುಗಿಯೋ ಹೊತ್ತಿಗೆ ಮನೆ ಹತ್ರ ಹೋಗ್ತೀನಿ.