ನಾಲ್ಕು ಸೆಕೆಂಡಿನ ಕಂಪ್ಯೂಟರ್

ಆಟಿ, ಅಂದರೆ ಜುಲೈ-ಆಗಸ್ಟಿನ ಮಳೆಯ ತಿಂಗಳು, ಮುಗಿಯುವ ಹೊತ್ತಿಗೆ ಕಾಸರಗೋಡಿನ ಬದಿಯಡ್ಕದ ಕಡೆ ಡಿಟಿಪಿ ಮಾಡುವವರಿಗೆ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವವರಿಗೆ, ಪುರುಸೊತ್ತು ಇರುವುದಿಲ್ಲ. ಆಟಿಯಲ್ಲಿ ಮದುವೆ ಇಲ್ಲ, ಸಿಂಹ ಮಾಸ ಹುಟ್ಟಿದರೆ ಸಾಲು ಸಾಲು. ಹಾಗಾಗಿ ಆಮಂತ್ರಣ ಪತ್ರಿಕೆಗಳೆಲ್ಲ ಆಟಿಯ ಕೊನೆಗೇ ಬಂದು ಬೀಳುತ್ತವೆ. ಅಂಥ ಒಂದು ಬೆಳಗ್ಗೆ ನನ್ನ ಹಳೇ ಡೆಸ್ಕ್‌ಟಾಪ್ ಕೈ ಕೊಟ್ಟಿತು.

ಹಳೇದು ಅಂದರೆ ನಿಜವಾಗಿಯೂ ಹಳೇದು. ಇನ್ನೂ ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಅಪ್‌ಡೇಟ್ ನಿಂತದ್ದು 2014ರಲ್ಲಿ, ಹಾಗಾಗಿ ಅದಕ್ಕೆ ಇಂಟರ್‌ನೆಟ್ ಕೊಟ್ಟಿಲ್ಲ. ಬಿಸಾಡಲೂ ಆಗುವುದಿಲ್ಲ. ಪುಟ ಜೋಡಿಸುವ ಪೇಜ್‌ಮೇಕರ್ ಇರುವುದು ಅದರಲ್ಲೇ. 2001ರಲ್ಲಿ ಬಂದ 7.0 ಆದ ಮೇಲೆ ಆ ಸಾಫ್ಟ್‌ವೇರ್‌ಗೆ ಹೊಸ ಆವೃತ್ತಿಯೇ ಬರಲಿಲ್ಲ. ಆದರೆ ಊರಿನ ಅದೆಷ್ಟೋ ಮನೆಗಳ ಪತ್ರಿಕೆಗಳು ಹಳೇ ನುಡಿ ಫಾಂಟಿನಲ್ಲಿ ಅದರೊಳಗೆ ಕೂತಿವೆ. ಅಕ್ಕನ ಮದುವೆಯ ಫೈಲ್ ತೆರೆದು ತಂಗಿಯ ಹೆಸರು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಅದೇ ಫೈಲನ್ನು ಹೊಸ ಕಂಪ್ಯೂಟರಿನಲ್ಲಿ ತೆರೆಯಲು ಹೋದರೆ ಅಕ್ಷರ ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ.

ಆ ದಿನ ಪೆರ್ಲದ ಕಡೆಯ ಒಂದು ಮನೆಯವರಿಗೆ ಸಂಜೆಯೊಳಗೆ ಪ್ರೂಫ್ ಬೇಕಿತ್ತು. ವಾಟ್ಸಾಪಿನಲ್ಲಿ ಕಳಿಸಿದರೆ ಆಗದು, ಅಜ್ಜ ಕಾಗದದಲ್ಲೇ ನೋಡಬೇಕು. ‘ಸಿಂಹ ಮಾಸ ದಿನ 12 ಸಲುವ ತಾರೀಕು 28’ ಎಂಬ ಸಾಲು ಅವರು ಓದಿ ಒಪ್ಪದೆ ಪ್ರಿಂಟಿಗೆ ಹೋಗುವ ಹಾಗಿಲ್ಲ.

ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ದೀಪ ಹತ್ತಿತು. ಮಾನಿಟರಿನಲ್ಲಿ ಏನಾದರೂ ಬರಬೇಕು ಅನ್ನುವಷ್ಟರಲ್ಲಿ ಟಕ್ ಎಂದು ಬಂದ್. ಮತ್ತೆ ಒತ್ತಿದರೂ ಅದೇ ಕಥೆ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗಿ ಬರುವುದು ಇಲ್ಲಿ ದಿನದ ಮಾತು. ಮೊದಲ ಸಂಶಯ ಯುಪಿಎಸ್ ಮೇಲೆ. ಅದನ್ನು ತಪ್ಪಿಸಿ ಗೋಡೆಯ ಪ್ಲಗ್ಗಿಗೇ ಕೊಟ್ಟು ನೋಡಿದೆ. ವ್ಯತ್ಯಾಸ ಇಲ್ಲ. ಪ್ಲಗ್ ಎಳೆದು ಮುಚ್ಚಳ ಬಿಚ್ಚಿದೆ.

ಆಟಿಯ ಥಂಡಿಗೆ ಮೊದಲು ಹಾಳಾಗುವುದು ರ‍್ಯಾಮ್, ಅಂದರೆ ಕಂಪ್ಯೂಟರಿನ ಮೆಮೊರಿಯ ಪಟ್ಟಿ, ಕೂರುವ ಜಾಗ. ಆ ಪಟ್ಟಿಯ ಅಂಚಿನ ಚಿನ್ನದ ಬಣ್ಣದ ಹಲ್ಲುಗಳಿಗೆ ಕಣ್ಣಿಗೆ ಕಾಣದ ಒಂದು ಮಬ್ಬು ಹಿಡಿಯುತ್ತದೆ. ಮಗಳ ಪೆನ್ಸಿಲ್ ಬಾಕ್ಸಿನಿಂದ ರಬ್ಬರ್ ತಂದು ಮೆಲ್ಲ ಉಜ್ಜಿದೆ. ರಬ್ಬರಿನ ತುದಿ ಕಪ್ಪಾಯಿತು. ಎಷ್ಟೋ ಸಲ ಇಷ್ಟರಲ್ಲೇ ರೋಗ ವಾಸಿಯಾಗುತ್ತದೆ. ಆವತ್ತು ಆಗಲಿಲ್ಲ.

ರಿಪೇರಿಯವರಿಗೆ ಫೋನ್ ಮಾಡಿದೆ. ನಾನು ಹೇಳಿ ಮುಗಿಸುವ ಮೊದಲೇ, “ಬೋರ್ಡ್ ಹೋಗಿದೆ ಮಾಷೆ. ಅದರ ಬೋರ್ಡ್ ಈಗ ಸಿಗುವುದಿಲ್ಲ. ಹೊಸತು ತೆಗೆಯುವುದು ಒಳ್ಳೆಯದು” ಎಂದರು. ಬೋರ್ಡ್ ಅಂದರೆ ಒಳಗಿನ ಭಾಗಗಳೆಲ್ಲ ಬಂದು ಸೇರುವ ಮದರ್‌ಬೋರ್ಡ್. ನಾನು ಮಾಷ್ಟ್ರಲ್ಲ, ಕನ್ನಡ ಟೈಪ್ ಮಾಡುವವರೆಲ್ಲ ಅವರಿಗೆ ಮಾಷೆ.

ನೋಡದೆ ಹೇಳಿದ್ದನ್ನು ನಂಬುವ ಮನಸ್ಸಾಗಲಿಲ್ಲ. ಎಸ್‌ಎಂಪಿಎಸ್ ಪರೀಕ್ಷೆ ಮಾಡಿದೆ. ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟ್ ಮಾಡಿ ಕೊಡುವ ಡಬ್ಬ ಅದು. ಪ್ಲಗ್ ಎಳೆದು, ಬೋರ್ಡಿಗೂ ಉಳಿದದ್ದಕ್ಕೂ ಹೋಗುವ ಕನೆಕ್ಟರ್‌ಗಳನ್ನು ಬಿಡಿಸಿ, ದೊಡ್ಡ ಕನೆಕ್ಟರ್‌ನ ಹಸಿರು ತಂತಿಯ ತೂತಿಗೂ ಪಕ್ಕದ ಕಪ್ಪು ತಂತಿಯ ತೂತಿಗೂ ಒಂದು ಪೇಪರ್ ಕ್ಲಿಪ್ ಸಿಕ್ಕಿಸಬೇಕು. ಆಮೇಲೆ ಕರೆಂಟ್ ಕೊಟ್ಟರೆ ಡಬ್ಬದ ಫ್ಯಾನ್ ತಿರುಗಬೇಕು. ತಿರುಗಿತು, ನಿಲ್ಲಲೇ ಇಲ್ಲ. ಪೂರ್ತಿ ಗಟ್ಟಿ ಇದೆ ಎಂದು ಇದರಿಂದ ಹೇಳಲಾಗದು, ಸತ್ತಿಲ್ಲ ಎನ್ನಬಹುದು ಅಷ್ಟೆ. ಆದರೆ ಆ ಡಬ್ಬವನ್ನೇ ಬಿಚ್ಚುವ ಧೈರ್ಯ ಮಾತ್ರ ಯಾರೂ ಮಾಡಬೇಡಿ. ಪ್ಲಗ್ ಎಳೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ.

ಎಲ್ಲ ಮೊದಲಿನ ಹಾಗೆ ಜೋಡಿಸಿ, ರ‍್ಯಾಮ್ ಮಾತ್ರ ಹಾಕದೆ ಸ್ಟಾರ್ಟ್ ಮಾಡಿದೆ. ಬೋರ್ಡ್ ಪೀಂ ಎಂದು ಕೂಗತೊಡಗಿತು. ರ‍್ಯಾಮ್ ಎಲ್ಲಿ ಎಂದು ಕೇಳುವ ಕೂಗು ಅದು. ಕೂಗು ಮುಗಿಯುವ ಮೊದಲೇ ಮತ್ತೆ ಬಂದ್. ನನಗೆ ಜೀವ ಬಂದ ಹಾಗಾಯಿತು. ಸತ್ತ ಬೋರ್ಡ್ ಕೂಗುತ್ತದಾ?

ಅಲ್ಲಿಂದ ಮೇಲೆ ನನ್ನ ಗಮನ ಹೋದದ್ದು ಅದು ಯಾವಾಗ ನಿಲ್ಲುತ್ತದೆ ಎಂಬುದರ ಮೇಲೆ. ಒಳಗೆ ಶಾರ್ಟ್ ಆಗಿದ್ದರೆ ಒತ್ತಿದ ಕೂಡಲೇ ನಿಲ್ಲಬೇಕು. ಪ್ರೊಸೆಸರ್ ಬಿಸಿಯಾಗಿ ನಿಲ್ಲುವುದಾದರೆ ಒಮ್ಮೆ ಬೇಗ, ಒಮ್ಮೆ ತಡ. ಇದು ಹಾಗಲ್ಲ. ಒಂದು, ಎರಡು, ಮೂರು, ನಾಲ್ಕು, ಟಕ್. ಪ್ರತಿ ಸಲವೂ ನಾಲ್ಕಕ್ಕೇ. ಹಾಳಾದ ವಸ್ತು ಇಷ್ಟು ಶಿಸ್ತಿನಲ್ಲಿ ನಿಲ್ಲುವುದಿಲ್ಲ ಅಲ್ವಾ?

ನಾಲ್ಕು ಸೆಕೆಂಡ್ ಎಲ್ಲಿಯದ್ದು ಎಂದು ಆಗ ಹೊಳೆಯಿತು. ವಿಂಡೋಸ್ ಹ್ಯಾಂಗ್ ಆದಾಗ ನಾವು ಪವರ್ ಬಟನ್ ಒತ್ತಿ ಹಿಡಿಯುತ್ತೇವೆ. ನಾಲ್ಕು ಸೆಕೆಂಡ್ ಹಿಡಿದರೆ ಬೋರ್ಡ್ ಎಲ್ಲವನ್ನೂ ಬಂದ್ ಮಾಡುತ್ತದೆ. ಹಾಗಾದರೆ ಈಗಲೂ ಯಾರೋ ಒತ್ತಿ ಹಿಡಿದಿದ್ದಾರೆ. ಬೋರ್ಡ್ ಪಾಪ, ಹೇಳಿದ ಕೆಲಸ ಮಾಡುತ್ತಿದೆ.

ಬೋರ್ಡಿನ ಮೂಲೆಯಲ್ಲಿ ಕ್ಯಾಬಿನೆಟ್ಟಿನ ಬಟನ್, ದೀಪಗಳ ಸಪೂರ ತಂತಿಗಳು ಬಂದು ಸೇರುತ್ತವೆ. ‘ಪವರ್ ಸ್ವಿಚ್’ ಎಂದು ಬರೆದದ್ದನ್ನು ಎಳೆದು ತೆಗೆದೆ. ರ‍್ಯಾಮ್ ವಾಪಸ್ ಕೂರಿಸಿದೆ. ತಂತಿ ಇದ್ದ ಜಾಗದ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆ. ಫ್ಯಾನ್ ತಿರುಗಿತು. ಐದಾಯಿತು, ಆರಾಯಿತು. ಎಕ್ಸ್‌ಪಿಯ ಹಸಿರು ಗುಡ್ಡ ಬಂತು.

ಆಮೇಲೆ ಆ ಸ್ವಿಚ್ಚನ್ನು ಬಿಡಿಸಿ ನೋಡಿದೆ. ಬೆರಳ ಉಗುರಿಗಿಂತ ಚಿಕ್ಕದು. ಕಾಲುಗಳಿಗೆ ಹಸಿರು ಕಿಲುಬು ಹಿಡಿದಿದೆ. ನಡುವಿನ ಗುಂಡಿ ಒತ್ತಿದರೆ ಒಳಗೆ ಹೋಗುತ್ತದೆ, ಕೂಡಲೇ ಮೇಲೆ ಬರುವುದಿಲ್ಲ. ಹೊರಗಿನ ದೊಡ್ಡ ಬಟನ್ನಿಗೆ ಬೇರೆಯೇ ಸ್ಪ್ರಿಂಗ್ ಇದ್ದುದರಿಂದ ಅದು ಸರಿಯಾಗಿ ಎದ್ದು ಬರುತ್ತಿತ್ತು. ಹಾಗಾಗಿ ಒಳಗಿನದ್ದು ಸಿಕ್ಕಿಕೊಂಡದ್ದು ಗೊತ್ತಾಗುವುದಾದರೂ ಹೇಗೆ? ಕ್ಯಾಬಿನೆಟ್ ಇದ್ದದ್ದು ಮುರಕಲ್ಲಿನ ಗೋಡೆಗೆ ತಾಗಿ, ನೆಲದ ಮೇಲೆ. ಆ ಗೋಡೆ ಆಟಿಯಲ್ಲಿ ಬೆವರುತ್ತದೆ. ಈಗ ಅದನ್ನು ಒಂದು ಮಣೆಯ ಮೇಲೆ, ಗೋಡೆ ಬಿಟ್ಟು ಇಟ್ಟಿದ್ದೇನೆ.

ಹೊಸ ಸ್ವಿಚ್ಚಿಗೆ ಕಾಯುವಷ್ಟು ಸಮಯ ಇರಲಿಲ್ಲ. ರಿಸೆಟ್ ಬಟನ್ ಸುಮ್ನೆ ಕೂತಿತ್ತಲ್ಲ, ಅದರ ತಂತಿಯನ್ನು ಪವರ್ ಪಿನ್ನಿಗೆ ಚುಚ್ಚಿದೆ. ಎರಡೂ ಒಂದೇ ಜಾತಿಯ ಸ್ವಿಚ್ಚು. ಯಾವ ತಂತಿ ಯಾವ ಪಿನ್ನಿಗೆ ಎಂಬ ಲೆಕ್ಕವೂ ಇಲ್ಲ. ದೀಪದ ತಂತಿ ಮಾತ್ರ ತಿರುವುಮುರುವು ಆದರೆ ಹತ್ತುವುದಿಲ್ಲ.

ಪ್ರೂಫ್ ತೆಗೆದು ಕವರಿಗೆ ಹಾಕಿ ಪೆರ್ಲಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟೆ. ರಾತ್ರಿ ಫೋನ್ ಬಂತು. ತಾರೀಕು ಅಜ್ಜನಿಗೆ ಒಪ್ಪಿಗೆ, ಗಣಪತಿ ಮಾತ್ರ ಸ್ವಲ್ಪ ದೊಡ್ಡದಾಗಬೇಕಂತೆ.

ಮರುದಿನ ರಿಪೇರಿಯವರಿಗೂ ವಿಷಯ ಹೇಳಿದೆ. “ಹಾಗೂ ಆಗುವುದುಂಟು” ಎಂದರು. ಹಾಗಾದರೆ ಒಂದು ಸ್ವಿಚ್ ಸಿಗಬಹುದಾ ಎಂದು ಕೇಳಿದೆ. “ಸ್ವಿಚ್ ಮಾತ್ರ ಇಲ್ಲ ಮಾಷೆ, ಕ್ಯಾಬಿನೆಟ್ಟೇ ತೆಗೆಯಬೇಕು.” ಸದ್ಯಕ್ಕೆ ರಿಸೆಟ್ ಒತ್ತಿಯೇ ನಡೆಯುತ್ತಿದೆ.